ಮುಮ್ಮಡಿ ಅರಸರ ಕುದುರೆ, ಆಯ್ಲರ್‌ನ ಸೇತುವೆ

ಚದುರಂಗದ ಮಣೆ ತಗೊಳ್ಳಿ. ಉಳಿದ ಕಾಯಿಗಳನ್ನೆಲ್ಲ ಡಬ್ಬಿಗೆ ಹಾಕಿ ಒಂದೇ ಒಂದು ಕುದುರೆ ಇಟ್ಟುಕೊಳ್ಳಿ. ಅದರ ನಡೆ ಗೊತ್ತಲ್ಲ, ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ಹಾಗೇ ಓಡಿಸುತ್ತಾ 64 ಮನೆಗಳನ್ನೂ ಮುಟ್ಟಬೇಕು. ಆದರೆ ಯಾವ ಮನೆಗೂ ಎರಡನೇ ಸಲ ಕಾಲಿಡುವ ಹಾಗಿಲ್ಲ. ಸುಲಭ ಅನ್ಸುತ್ತೆ ಅಲ್ವಾ? ಮಾಡಿ ನೋಡಿ. ಐವತ್ತು ಮನೆ ದಾಟುವ ಹೊತ್ತಿಗೆ ಕುದುರೆ ಯಾವುದೋ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ, ಮುಟ್ಟದ ಮನೆಗಳು ಮಣೆಯ ಆ ಕಡೆ ಕೂತು ನಗ್ತಾ ಇರ್ತವೆ :-)

ಇಂಜಿನಿಯರಿಂಗ್ ಓದಿದವರಿಗೆ ಇದು ಗ್ರಾಫ್ ಥಿಯರಿ ಪುಸ್ತಕದ 'ನೈಟ್ಸ್ ಟೂರ್'. ಸಿ ಪ್ರೋಗ್ರಾಮ್ ಬರೆದು, ಲ್ಯಾಬ್ ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡು ಮರೆತುಬಿಡೋ ಸರಕು. ಇದೇ ಕುದುರೆಯ ಹಿಂದೆ ನಮ್ಮ ಮೈಸೂರಿನ ಅರಸರೊಬ್ಬರು ಬಿದ್ದಿದ್ದರು ಅನ್ನೋದು ಆ ಪುಸ್ತಕಗಳಲ್ಲಿ ಇರೋದಿಲ್ಲ. ಅದನ್ನು ಹೇಳೋಣ ಅಂತಲೇ ಈ ಬರಹ.

ಅಧಿಕಾರವಿಲ್ಲದ ಅರಸು

ಮುಮ್ಮಡಿ ಕೃಷ್ಣರಾಜ ಒಡೆಯರ್ ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಐದು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು. ದಿವಾನ್ ಪೂರ್ಣಯ್ಯನವರು ಆಡಳಿತ ನೋಡಿಕೊಂಡರು. ಅರಸರು ತಾವೇ ಆಳಲು ಶುರು ಮಾಡಿ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ನಗರದ ರೈತ ದಂಗೆ ಎದ್ದಿತು. 1831ರಲ್ಲಿ ಬ್ರಿಟಿಷರು ಅದೇ ನೆಪದಲ್ಲಿ ಆಡಳಿತ ಕಿತ್ತುಕೊಂಡು ಕಮಿಷನರ್‌ಗಳ ಕೈಗೆ ಕೊಟ್ಟರು. ಸಂಸ್ಥಾನ ನಾಲ್ಕು ವಿಭಾಗ ಆಯಿತು. ಅದರಲ್ಲಿ ಒಂದು ಚಿತ್ರದುರ್ಗ. ಹೊಸದುರ್ಗ ತಾಲ್ಲೂಕಿನ ನಮ್ಮ ಶ್ರೀರಾಂಪುರದ ಸೀಮೆಯೂ ಹಾಗೆ ಅರಸರ ಹೆಸರಲ್ಲಿದ್ದು ಕಮಿಷನರ್ ಕೈಕೆಳಗೆ ಬಂದದ್ದೇ.

ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಮೂವತ್ತೇಳು ವರ್ಷ, ಅವರು ಆಳದ ಅರಸರು. ಆ ವರ್ಷಗಳಲ್ಲಿ ಏನು ಮಾಡಿದರು? ಪಂಡಿತರನ್ನು, ಚಿತ್ರಕಾರರನ್ನು, ಸಂಗೀತಗಾರರನ್ನು ಸಾಕಿದರು. 'ಶ್ರೀತತ್ತ್ವನಿಧಿ' ಎಂಬ ದೊಡ್ಡ ಸಚಿತ್ರ ಗ್ರಂಥ ಮಾಡಿಸಿದರು. ಅದರಲ್ಲಿ ಒಂಬತ್ತು ನಿಧಿಗಳು, ಕೊನೆಯದು ಕೌತುಕನಿಧಿ. ಆಟಗಳ ಲೋಕ ಇರೋದು ಅಲ್ಲೇ. ಗಂಜೀಫಾ ಎಲೆಗಳು, ಬಗೆಬಗೆಯ ಮಣೆಗಳು, ಅರಸರೇ ಹೊಸದಾಗಿ ಕಟ್ಟಿದ ಆಟಗಳು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಗೆ ಹೋದರೆ ಗೋಡೆ ಚಿತ್ರಗಳಲ್ಲೂ ಅವರ ಈ ಹುಚ್ಚು ಕಾಣುತ್ತೆ.

"ಅಧಿಕಾರ ಹೋಯ್ತು, ಪಾಪ ಆಟ ಆಡ್ಕೊಂಡು ಕಾಲ ಕಳೆದ್ರು" ಅನ್ನೋ ಮಾತು ಸಾಮಾನ್ಯ. ನನಗೆ ಇದರ ಬಗ್ಗೆ ತಕರಾರಿದೆ. ಅದನ್ನು ಹೇಳೋಕೆ ಮುಂಚೆ ಕುದುರೆಯ ಹಳೇ ಕಥೆ ಸ್ವಲ್ಪ ನೋಡಿಬಿಡೋಣ.

ಶ್ಲೋಕದೊಳಗಿನ ಕುದುರೆ

ಒಂಬತ್ತನೇ ಶತಮಾನದ ಕಾಶ್ಮೀರದ ರುದ್ರಟ ತನ್ನ 'ಕಾವ್ಯಾಲಂಕಾರ'ದಲ್ಲಿ ತುರಗಪದ ಬಂಧ ಅಂತ ಒಂದು ಚಿತ್ರಕಾವ್ಯ ಕೊಟ್ಟಿದ್ದಾನೆ. ಅನುಷ್ಟುಪ್ ಶ್ಲೋಕದಲ್ಲಿ ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ. ಅಂದರೆ ಸರಿಯಾಗಿ ಅರ್ಧ ಚದುರಂಗದ ಮಣೆ! ಅಕ್ಷರಗಳನ್ನು ಮನೆಗಳಲ್ಲಿ ತುಂಬಿ ಕುದುರೆ ನಡೆಯಲ್ಲಿ ಓದಿದರೂ ಅದೇ ಶ್ಲೋಕ ಬರುತ್ತೆ. ವೇದಾಂತ ದೇಶಿಕರು 'ಪಾದುಕಾ ಸಹಸ್ರ'ದಲ್ಲಿ ಇನ್ನೂ ಮುಂದೆ ಹೋದರು. ಒಂದು ಶ್ಲೋಕವನ್ನು ಕುದುರೆ ನಡೆಯಲ್ಲಿ ಓದಿದರೆ ಅದರ ಮುಂದಿನ ಶ್ಲೋಕ ಹುಟ್ಟುತ್ತೆ. (ದೆಹಲಿ ಸೈನ್ಯ ಶ್ರೀರಂಗಕ್ಕೆ ನುಗ್ಗಿದ ಮೇಲೆ ದೇಶಿಕರು ಕೊಳ್ಳೇಗಾಲದ ಹತ್ತಿರದ ಸತ್ಯಾಗಾಲದಲ್ಲಿ ಇದ್ದರು ಅಂತ ಸಂಪ್ರದಾಯ ಹೇಳುತ್ತೆ.) ಅರಬ್ಬೀ ಚದುರಂಗ ಬಲ್ಲವರಿಗೂ ಒಂಬತ್ತನೇ ಶತಮಾನಕ್ಕಾಗಲೇ ಈ ಕುದುರೆ ಓಟ ಗೊತ್ತಿತ್ತು.

ಮುಮ್ಮಡಿಯವರು ಬಂದದ್ದು ಈ ಪರಂಪರೆಯಲ್ಲಿ. ಅವರಿಗೆ ಕುದುರೆ ಬರೀ ಕಾಯಿ ಅಲ್ಲ, ಅಕ್ಷರ, ಅಂಕಿ, ದೇವರ ಸ್ತುತಿ ಎಲ್ಲವನ್ನೂ ಪೋಣಿಸುವ ದಾರ.

ಅತ್ತ ಆಯ್ಲರ್

ಈಗ ಸ್ವಲ್ಪ ಯುರೋಪಿಗೆ ಹೋಗಿ ಬರೋಣ. ಕೋನಿಗ್ಸ್‌ಬರ್ಗ್ ಊರಲ್ಲಿ ನದಿಗೆ ಏಳು ಸೇತುವೆ. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದಾ? ಆಗಲ್ಲ ಅಂತ 1736ರ ಹೊತ್ತಿಗೆ ಲಿಯೊನಾರ್ಡ್ ಆಯ್ಲರ್ ಸಾಧಿಸಿದ. ಸೇತುವೆ ಎಷ್ಟು ಉದ್ದ, ದ್ವೀಪ ಎಷ್ಟು ಅಗಲ ಅವನಿಗೆ ಬೇಕಾಗಲಿಲ್ಲ. ಯಾವುದಕ್ಕೆ ಯಾವುದು ಸೇರಿದೆ, ಅಷ್ಟೇ ಸಾಕು. ಈ ಬಗೆಯ ಲೆಕ್ಕವನ್ನು ಆಗ 'ಸ್ಥಾನದ ಜ್ಯಾಮಿತಿ' ಅನ್ನುತ್ತಿದ್ದರು. ಮುಂದೆ ಗ್ರಾಫ್ ಥಿಯರಿ, ಟೋಪಾಲಜಿ ಎರಡೂ ಈ ಒಂದೇ ತೊಟ್ಟಿಲಲ್ಲಿ ಬೆಳೆದವು. ಇದೇ ಆಯ್ಲರ್ 1759ರಲ್ಲಿ ಕುದುರೆ ಓಟದ ಮೇಲೆ ಉದ್ದನೆಯ ಲೇಖನ ಬರೆದ. 1771ರಲ್ಲಿ ಫ್ರಾನ್ಸಿನ ವಾಂಡರ್ಮೋಂಡ್ ಇನ್ನೂ ಸ್ವಾರಸ್ಯದ ಕೆಲಸ ಮಾಡಿದ. ಹಗ್ಗ ಹೊಸೆಯುವವನು, ಬಲೆ ನೇಯುವವನು, ಗಂಟು ಹಾಕುವವನು ಇವರೆಲ್ಲ ಯೋಚಿಸುವುದು ಅಳತೆಯನ್ನಲ್ಲ, ಎಳೆ ಯಾವುದರ ಮೇಲೆ ಯಾವುದು ಹೋಗುತ್ತೆ ಅನ್ನೋದನ್ನ ಅಂತ ಹೇಳಿ, ಅದೇ ಲೇಖನದಲ್ಲಿ ಕುದುರೆ ಓಟವನ್ನೂ ಬಿಡಿಸಿದ.

ಅಳತೆ ಬೇಡ ಅನ್ನೋದು ನಮ್ಮೂರ ಕಡೆಯವರಿಗೆ ಹೊಸದೇನಲ್ಲ ಬಿಡಿ. ಜಗಲಿ ಕಲ್ಲಿನ ಮೇಲೆ ಇದ್ದಿಲಲ್ಲಿ ಆಡು-ಹುಲಿ ಆಟದ ಮಣೆ ಬರೀತಾರಲ್ಲ, ಗೆರೆ ಎಷ್ಟೇ ಸೊಟ್ಟ ಆಗಿರಲಿ, ಮೂರು ಹುಲಿ ಹದಿನೈದು ಆಡುಗಳ ಆಟ ಬದಲಾಗಲ್ಲ. ಯಾವ ಬಿಂದುವಿಗೆ ಯಾವ ಬಿಂದು ಕೂಡಿದೆ ಅನ್ನೋದೇ ಆಟ. ಟೋಪಾಲಜಿಯ ಮೊದಲ ಪಾಠ ಇದೇ.

ಗುಂಡಿ ಮತ್ತು ದಾರ

ಒಂದು ಉದಾಹರಣೆ ಕೊಟ್ಟುಬಿಡ್ತೀನಿ. ಮೂರು ಸಾಲು, ಮೂರು ಕಂಬಸಾಲಿನ ಪುಟ್ಟ ಮಣೆ. ಮೇಲಿನ ಎರಡು ಮೂಲೆಯಲ್ಲಿ ಬಿಳಿ ಕುದುರೆ, ಕೆಳಗಿನ ಎರಡು ಮೂಲೆಯಲ್ಲಿ ಕರಿ ಕುದುರೆ. ಇವುಗಳ ಜಾಗ ಅದಲು ಬದಲು ಮಾಡಿ. ಇಟಲಿಯ ಗ್ವಾರಿನಿ 1512ರಲ್ಲೇ ಬರೆದ ಲೆಕ್ಕ ಇದು.

ಮಣೆ ನೋಡ್ತಾ ಕೂತರೆ ತಲೆ ತಿರುಗುತ್ತೆ. ಅದರ ಬದಲು ಪ್ರತಿ ಮನೆಯನ್ನೂ ಒಂದು ಗುಂಡಿ ಅಂದುಕೊಳ್ಳಿ, ಪ್ರತಿ ಕುದುರೆ ನಡೆಯನ್ನೂ ಒಂದು ದಾರ ಅಂದುಕೊಳ್ಳಿ. ನಡುವಿನ ಗುಂಡಿಗೆ ದಾರವೇ ಇಲ್ಲ, ಅದನ್ನು ಪಕ್ಕಕ್ಕಿಡಿ. ಉಳಿದ ಎಂಟು ಗುಂಡಿಗಳನ್ನು ಕೊಡವಿ ನೆಲದ ಮೇಲೆ ಹರಡಿದರೆ... ಒಂದು ಬಳೆ! ಎಂಟು ಮನೆ, ಎಂಟು ದಾರ, ಒಂದೇ ಸುತ್ತು. ನಾಲ್ಕು ಕುದುರೆಗಳೂ ಈ ಬಳೆಯ ಮೇಲೆ ಒಂದರ ಹಿಂದೆ ಒಂದು ಓಡ್ತಾ ಇವೆ. ಪ್ರತಿಯೊಂದೂ ಒಂದೇ ದಿಕ್ಕಿಗೆ ನಾಲ್ಕು ಹೆಜ್ಜೆ ಹೋದರೆ, ಒಟ್ಟು 16 ನಡೆಗಳಲ್ಲಿ ಕೆಲಸ ಮುಗೀತು.

ಈಗ ಗಮ್ಮತ್ತು ನೋಡಿ. ಬಿಳಿ ಎರಡು ಎದುರುಬದುರು ಮೂಲೆಗೆ, ಕರಿ ಎರಡು ಉಳಿದ ಎದುರುಬದುರು ಮೂಲೆಗೆ ಬರಬೇಕು ಅಂದರೆ? ಆಗುವುದೇ ಇಲ್ಲ. ಬಳೆಯ ಮೇಲೆ ಕರಿ ಎರಡು ಅಕ್ಕಪಕ್ಕ, ಬಿಳಿ ಎರಡು ಅಕ್ಕಪಕ್ಕ ಇವೆ. ಬಳೆಯಲ್ಲಿ ಯಾರೂ ಯಾರನ್ನೂ ಹಾರಿ ದಾಟೋ ಹಾಗಿಲ್ಲ, ಹಾಗಾಗಿ ಬಿಳಿ-ಕರಿ-ಬಿಳಿ-ಕರಿ ಅನ್ನೋ ಸರದಿ ಯಾವತ್ತೂ ಬರಲ್ಲ. ಕೋಟಿ ಸಲ ಆಡಿ ನೋಡಬೇಕಾಗಿಲ್ಲ, ಆಕಾರ ನೋಡಿದರೆ ಸಾಕು. ಟೋಪಾಲಜಿ ಕೊಡುವ ಸುಖ ಅಂದ್ರೆ ಇದು.

ಬಳೆಗಳ ಲೆಕ್ಕ

ಒಂದು ಗ್ರಾಫ್‌ನಲ್ಲಿ ಒಟ್ಟು ಎಷ್ಟು ಸ್ವತಂತ್ರ ಬಳೆಗಳಿವೆ? ವಿದ್ಯುತ್ ಸರ್ಕ್ಯೂಟ್ ಬಿಡಿಸಲು 1847ರಲ್ಲಿ ಕಿರ್ಕಾಫ್‌ಗೆ ಇದೇ ಲೆಕ್ಕ ಬೇಕಾಗಿತ್ತು. ಅದೇ ವರ್ಷ ಲಿಸ್ಟಿಂಗ್ ಬರೆದ ಪುಸ್ತಕದ ಹೆಸರಿನಲ್ಲಿ 'ಟೋಪಾಲಜಿ' ಅನ್ನೋ ಪದ ಅಚ್ಚಾಯಿತು. 1895ರಲ್ಲಿ ಪ್ವಾಂಕರೆ ಬಳೆ, ಪೊಳ್ಳು, ರಂಧ್ರಗಳನ್ನು ಬೀಜಗಣಿತದಿಂದ ಎಣಿಸುವ ದಾರಿ ಹಾಕಿಕೊಟ್ಟ. ಆಲ್ಜೀಬ್ರಾಯಿಕ್ ಟೋಪಾಲಜಿ ಅಂತ ಈಗ ಕರೆಯೋದು ಅದನ್ನೇ.

ನಮ್ಮ 64 ಮನೆಯ ಮಣೆಗೆ ಹಚ್ಚಿ ನೋಡೋಣ. ಗುಂಡಿ 64. ದಾರ, ಅಂದರೆ ಸಾಧ್ಯವಿರುವ ಕುದುರೆ ನಡೆಗಳು, 168. ಎಲ್ಲ ಗುಂಡಿಗಳೂ ಕೂಡಿಕೊಂಡಿರಬೇಕು ಆದರೆ ಒಂದೂ ಬಳೆ ಇರಬಾರದು ಅಂದರೆ 63 ದಾರ ಬೇಕು. ಉಳಿದ 105 ದಾರಗಳಲ್ಲಿ ಒಂದೊಂದೂ ಒಂದೊಂದು ಹೊಸ ಬಳೆ ಮಾಡುತ್ತೆ. ಅಂದರೆ 105 ಸ್ವತಂತ್ರ ಬಳೆಗಳು. ಬಳೆಗೆ ಬಳೆ ಕೂಡಿಸುವಾಗ ಎರಡು ಸಲ ಬಂದ ದಾರ ಅಳಿಸಿಹೋಗುತ್ತೆ ಅಂತ ನಿಯಮ ಇಟ್ಟುಕೊಂಡರೆ (ಪ್ರೋಗ್ರಾಮರ್‌ಗಳೇ, ನಮ್ಮ ಎಕ್ಸ್‌ಆರ್!) ಮಣೆಯ ಮೇಲಿನ ಯಾವುದೇ ಸುತ್ತನ್ನೂ ಈ 105ರಿಂದ ಕಟ್ಟಬಹುದು. ಹೊರಟ ಮನೆಗೇ ಮರಳುವ ಪೂರ್ತಿ ಕುದುರೆ ಓಟ ಕೂಡ ಅಂಥದ್ದೇ ಒಂದು ಮೊತ್ತ. ಅಂಥ ಓಟಗಳು ಒಟ್ಟು 13,267,364,410,532 ಅಂತ 1997ರಲ್ಲಿ ಮೆಕೇ ಲೆಕ್ಕ ಹಾಕಿದ. ಹದಿಮೂರು ಲಕ್ಷ ಕೋಟಿಗೂ ಹೆಚ್ಚು!

ಆದರೆ ಈ ಮೊತ್ತಗಳಲ್ಲಿ ಯಾವುದು 64 ಮನೆಗಳನ್ನೂ ಮುಟ್ಟುವ ಒಂದೇ ಸುತ್ತು, ಯಾವುದು ಅಲ್ಲಲ್ಲಿ ಹರಿದ ತುಂಡು ಸುತ್ತುಗಳು? ಇದನ್ನು ಬಳೆಗಳ ಲೆಕ್ಕ ಹೇಳಲ್ಲ. ಎಲ್ಲ ಸೇತುವೆ ದಾಟುವ ಪ್ರಶ್ನೆಗೆ ಉತ್ತರ ಸಲೀಸು. ಊರೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದು, ಪ್ರತಿ ಕೂಡುಬಿಂದುವಿನಲ್ಲಿ ಸಮಸಂಖ್ಯೆಯ ದಾರಿ ಇದ್ದರೆ ಹೊರಟಲ್ಲಿಗೇ ಬರಬಹುದು. ಎಲ್ಲ ಊರು ಮುಟ್ಟುವ ಪ್ರಶ್ನೆಗೆ ಅಂಥ ಸಲೀಸು ಪರೀಕ್ಷೆ ಯಾರಿಗೂ ಸಿಕ್ಕಿಲ್ಲ. ಅದು ಎನ್‌ಪಿ-ಕಂಪ್ಲೀಟ್ ಅಂತ 1972ರಲ್ಲಿ ಕಾರ್ಪ್ ತೋರಿಸಿದ. ಕೇಳೋಕೆ ಅವಳಿ ಪ್ರಶ್ನೆಗಳು, ಸ್ವಭಾವ ಮಾತ್ರ ಅಜಗಜಾಂತರ. ನಮ್ಮ ಅರಸರು ಕೈ ಹಾಕಿದ್ದು ಕಷ್ಟದ ಅವಳಿಗೆ.

ಬರೀ ಕುದುರೆ ಮಣೆಗೆ ಮಾತ್ರ ಕೆಲವು ನಿಯಮಗಳು ಸಿಕ್ಕಿವೆ. ಕುದುರೆ ಪ್ರತಿ ನಡೆಗೂ ಮನೆಯ ಬಣ್ಣ ಬದಲಿಸುತ್ತೆ, ಆದ್ದರಿಂದ ಬೆಸ ಸಂಖ್ಯೆಯ ಮನೆಗಳಿದ್ದರೆ ಹೊರಟಲ್ಲಿಗೆ ಮರಳೋಕಾಗಲ್ಲ. ನಾಲ್ಕು ಸಾಲಿನ ಮಣೆಯಲ್ಲೂ ಆಗಲ್ಲ. ಇದರ ಪೂರ್ತಿ ಪಟ್ಟಿ ಕೊಟ್ಟವನು ಶ್ವೆಂಕ್, 1991ರಲ್ಲಿ. ಅಂದರೆ ರುದ್ರಟ, ದೇಶಿಕರ ಅರ್ಧಮಣೆಯ ಶ್ಲೋಕಗಳಲ್ಲಿ ಕುದುರೆ ಮನೆಗೆ ವಾಪಸ್ ಬರೋದು ಸಾಧ್ಯವೇ ಇರಲಿಲ್ಲ.

260

ಇಷ್ಟೂ ಸಾಲದು ಅಂತ ಇನ್ನೊಂದು ಕಟ್ಟು ಹಾಕೋಣ. ಕುದುರೆ ಮುಟ್ಟಿದ ಮನೆಗಳಿಗೆ ಕ್ರಮವಾಗಿ 1ರಿಂದ 64 ಅಂತ ಬರೆಯಿರಿ. ಪ್ರತಿ ಸಾಲಿನ ಮೊತ್ತವೂ ಒಂದೇ ಬರಬೇಕು, ಪ್ರತಿ ಕಂಬಸಾಲಿನದೂ ಅದೇ ಬರಬೇಕು. 1ರಿಂದ 64ರವರೆಗೆ ಕೂಡಿದರೆ 2080, ಎಂಟರಿಂದ ಭಾಗಿಸಿದರೆ 260. ಕುದುರೆ ಓಟವೇ ಮಾಯಾಚೌಕವೂ ಆಗಬೇಕು! ಇಂಗ್ಲೆಂಡಿನಲ್ಲಿ ವಿಲಿಯಂ ಬೆವರ್ಲಿ 1848ರಲ್ಲಿ ಇಂಥದ್ದೊಂದನ್ನು ಪ್ರಕಟಿಸಿದ. ಅದರ ಮೊದಲ ಸಾಲು 1, 30, 47, 52, 5, 28, 43, 54. ಕೂಡಿ ನೋಡಿ.

ಕೆಲವೇ ವರ್ಷಗಳಲ್ಲಿ ಮೈಸೂರಿನಲ್ಲೂ ಇದೇ ಗುಣದ ಓಟ ಸಿದ್ಧವಾಯಿತು. ಕುದುರೆ ಓಟದ ಇತಿಹಾಸ ಬರೆದವರು ಇದನ್ನು 1852ರಿಂದ 1868ರ ನಡುವಿನದು ಅನ್ನುತ್ತಾರೆ, ಮುಮ್ಮಡಿಯವರ ಹೆಸರಿನಲ್ಲೇ ದಾಖಲಿಸುತ್ತಾರೆ. 1871ರಲ್ಲಿ ಹರಿಕೃಷ್ಣ ಶರ್ಮ ಎಂಬ ಜ್ಯೋತಿಷ ವಿದ್ವಾಂಸರು ಆಟಗಳ ಬಗ್ಗೆ ಬರೆದ 'ಕ್ರೀಡಾ ಕೌಶಲ್ಯ'ದಲ್ಲಿ ಅದು ಹೊರಗೆ ಬಂತು.

ಎರಡರಲ್ಲೂ ಒಂದು ಕೊರತೆ. ಮೂಲೆಯಿಂದ ಮೂಲೆಗೆ ಹೋಗುವ ಕರ್ಣಗಳ ಮೊತ್ತ 260 ಬರಲ್ಲ. ಅದೂ ಬರುವ ಓಟ ಇದೆಯಾ ಅಂತ ನೂರೈವತ್ತು ವರ್ಷ ಜನ ಹುಡುಕಿದರು. ಕೊನೆಗೆ 2003ರ ಆಗಸ್ಟ್ 5ರಂದು ಕಂಪ್ಯೂಟರ್ ಹುಡುಕಾಟ ಮುಗಿಯಿತು. ಪ್ರೋಗ್ರಾಮ್ ಬರೆದವನು ಮೇರಿನ್ಯಾಕ್, ಹುಡುಕಾಟ ನಡೆಸಿದವನು ಸ್ಟರ್ಟೆನ್‌ಬ್ರಿಂಕ್. ಒಂದು ಕಂಪ್ಯೂಟರ್ ಲೆಕ್ಕದಲ್ಲಿ 61 ದಿನಗಳಿಗೂ ಹೆಚ್ಚಿನ ಕೆಲಸ. ಉತ್ತರ: ಇಲ್ಲ. ಸಾಲು, ಕಂಬಸಾಲು ಸರಿ ಬರುವ ಬೇರೆ ಬೇರೆ ಓಟಗಳು ಬರೀ 140. ಕರ್ಣವೂ ಸರಿ ಬರುವುದು ಒಂದೂ ಇಲ್ಲ. (12 ಸಾಲು, 12 ಕಂಬಸಾಲಿನ ಮಣೆಯಲ್ಲಿ ಇವೆ.)

ಯೋಚನೆ ಮಾಡಿ. ಹದಿಮೂರು ಲಕ್ಷ ಕೋಟಿ ಸುತ್ತುಗಳು, ಹೊರಟಲ್ಲಿಗೆ ಮರಳದ ಓಟಗಳು ಅದಕ್ಕಿಂತ ಎಷ್ಟೋ ಪಟ್ಟು, ಅದರಲ್ಲಿ ಬೆರಳೆಣಿಕೆ ಅನ್ನಬಹುದಾದ 140. ಅಂಥ ಒಂದನ್ನು ಕಾಗದ, ಲೇಖನಿ, ತಾಳ್ಮೆಗಳಿಂದಲೇ ಹಿಡಿದವರಿಗೆ "ಕಾಲ ಕಳೆದರು" ಅನ್ನೋದು ಎಷ್ಟು ಸರಿ?

ನನ್ನ ತಕರಾರು

ಎರಡು ಥರದ ಜನರ ಜೊತೆ ನನಗೆ ಜಗಳ ಇದೆ. ಒಬ್ಬರು ಅರಸರ ಆಟವನ್ನು ಶೋಕಿ ಅಂತ ತಳ್ಳಿಹಾಕುವವರು. ಇನ್ನೊಬ್ಬರು "ಗ್ರಾಫ್ ಥಿಯರಿ ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು" ಅಂತ ವಾಟ್ಸಾಪಿನಲ್ಲಿ ಕಳಿಸುವವರು.

ಎರಡನೆಯವರಿಗೆ ಮೊದಲು ಹೇಳ್ತೀನಿ. ನಮ್ಮಲ್ಲಿ ಇದ್ದದ್ದು ಓಟಗಳು, ಮತ್ತು ಅವು ಬಹಳ ಚೆನ್ನಾಗಿದ್ದವು. "ಯಾವಾಗ ಆಗಲ್ಲ, ಯಾಕೆ ಆಗಲ್ಲ" ಅಂತ ಕೇಳಿ, ಸೇತುವೆಗೂ ಕುದುರೆಗೂ ವಿದ್ಯುತ್ತಿಗೂ ಒಂದೇ ಮಾತು ಹೊಂದುವಂತೆ ಬರೆದದ್ದು ಆಯ್ಲರ್‌ನ ಕಡೆಯವರು. ಓಟ ಬೇರೆ, ಸಿದ್ಧಾಂತ ಬೇರೆ.

ಮೊದಲನೆಯವರಿಗೆ: ಸಿದ್ಧಾಂತದಿಂದ ಎಲ್ಲವೂ ಸಿಗಲ್ಲ. 260ರ ಪ್ರಶ್ನೆಗೆ ಕೊನೆಗೂ ಉತ್ತರ ಬಂದದ್ದು ಆಕಾರ ನೋಡಿ ಅಲ್ಲ, ಒಂದೊಂದೇ ಹುಡುಕಿ. ಪುಟ್ಟ ಮಣೆಯ ಬಳೆಯ ಹಾಗೆ "ಓಹ್, ಇದಕ್ಕೇ ಆಗಲ್ಲ" ಅನ್ನಿಸುವ ಕಾರಣ ಆ ಹುಡುಕಾಟದಿಂದ ಬರಲಿಲ್ಲ. ಮುಮ್ಮಡಿಯವರು ಮಾಡಿದ್ದೂ ಹುಡುಕಾಟವೇ, ಪ್ರೊಸೆಸರ್ ಮಾತ್ರ ಅವರ ತಲೆ. ಆಳುವ ಕೆಲಸ ಕಿತ್ತುಕೊಂಡ ಮೇಲೆ ಯಾರೂ ಕಿತ್ತುಕೊಳ್ಳಲಾಗದ ಒಂದು ಜಾಗವನ್ನು ಅವರು 64 ಮನೆಗಳಲ್ಲಿ ಮಾಡಿಕೊಂಡರು ಅಂತ ನನಗನ್ನಿಸುತ್ತೆ.

ಮೈಸೂರಿಗೆ ಹೋದಾಗ ದೊಡ್ಡ ಅರಮನೆಯ ದೀಪ ನೋಡಿ ವಾಪಸ್ ಬರಬೇಡಿ, ಜಗನ್ಮೋಹನಕ್ಕೂ ಒಂದು ಸುತ್ತು ಹೋಗಿ. ಹೋಗೋಕೆ ಮುಂಚೆ ಕುದುರೆ ಓಟ ಒಂದು ಸಲ ನೀವೇ ಆಡಿ. ಸಿಕ್ಕಿಹಾಕಿಕೊಂಡರೆ 1823ರ ವಾರ್ನ್ಸ್‌ಡಾರ್ಫ್‌ನ ಉಪಾಯ ಇದೆ: ಮುಂದೆ ಎಲ್ಲಿಂದ ಹೊರಬರಲು ಅತಿ ಕಡಿಮೆ ದಾರಿ ಇದೆಯೋ, ಮೊದಲು ಆ ಮನೆಗೇ ಹೋಗಿ. ಕಷ್ಟದ ಮೂಲೆಗಳನ್ನು ಕೊನೆಗೆ ಉಳಿಸಿಕೊಳ್ಳಬೇಡಿ ಅಂತ ಅರ್ಥ. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೂ ಯಾರಾದ್ರೂ ಇದನ್ನ ಹೇಳಿ ಪುಣ್ಯ ಕಟ್ಕೊಳ್ಳಿ :-)