ನೆಲ ಬಿಡದ ಚಕ್ರ

ದೂರದ ಸವಾರಿಗೆಂದೇ ಹೆಸರಾದ ಅಮೆರಿಕದ ಹಾರ್ಲೆ-ಡೇವಿಡ್‌ಸನ್ನಿನ ದೊಡ್ಡ ಮೋಟಾರ್ ಸೈಕಲ್ಲುಗಳಲ್ಲಿ 1957ರವರೆಗೂ ಹಿಂಚಕ್ರಕ್ಕೆ ಸ್ಪ್ರಿಂಗಿನ ಆಸರೆಯಿರಲಿಲ್ಲ. ಹಿಂಬದಿಯಲ್ಲಿ ಸ್ಪ್ರಿಂಗು ಇದ್ದದ್ದು ಸವಾರನ ಆಸನಕ್ಕೆ ಮಾತ್ರ. ಬೆನ್ನಿಗೇನೋ ಸುಖವಾಯಿತು, ಆದರೆ ಹಳ್ಳಬಿದ್ದ ತಿರುವಿನಲ್ಲಿ ಚಕ್ರ ಪುಟಿದು ನೆಲ ಬಿಟ್ಟರೆ ಗಾಡಿ ಯಾರ ಮಾತು ಕೇಳೀತು?

ಬರಿಯ ಸ್ಪ್ರಿಂಗೂ ಸಾಲದು. ಅದರ ಕುಣಿತಕ್ಕೆ ಕಡಿವಾಣ ಬೇಕು. ಸಣ್ಣ ರಂಧ್ರಗಳಲ್ಲಿ ತಡೆತಡೆದು ಹರಿಯುವ ಎಣ್ಣೆಯೇ ಆ ಕಡಿವಾಣ. ಜರ್ಮನಿಯ ಬಿ.ಎಂ.ಡಬ್ಲ್ಯು. 1935ರಲ್ಲೇ ಅದನ್ನು ಮುಂದಿನ ಫೋರ್ಕಿಗೆ ಅಳವಡಿಸಿತ್ತು. ಹಾರ್ಲೆ ತನ್ನ ದೊಡ್ಡ ಗಾಡಿಗಳಲ್ಲಿ 1949ರಲ್ಲಿ ಮುಂಚಕ್ರಕ್ಕೂ, 1958ರ ಡ್ಯುಯೋ-ಗ್ಲೈಡಿನಲ್ಲಿ ಹಿಂಚಕ್ರಕ್ಕೂ ಅದನ್ನು ತಂದಿತು.

ವಿನೋದವೆಂದರೆ, 1984ರ ಸಾಫ್ಟೇಲ್ ಮಾದರಿಯಲ್ಲಿ ಹಿಂದಿನ ಏರ್ಪಾಡನ್ನು ಗಾಡಿಯ ಅಡಿಯಲ್ಲಿ ಬಚ್ಚಿಟ್ಟು, ಹಳೆಯ ಗಡುಸು ಗಾಡಿಯ ರೂಪವನ್ನೇ ಮರಳಿ ಕೊಟ್ಟರು. ಕಣ್ಣಿಗೆ ಹಳತು ಚೆನ್ನ. ತಿರುವಿನಲ್ಲಿ ಜೀವ ಉಳಿಸುವುದು ನೆಲ ಬಿಡದ ಚಕ್ರ.