ಪಟದೊಳಗಣ ಬೈಸಿಕಲ್ಲು

ಹಳೆಯ ಪಟದಲ್ಲಿ ಬೈಸಿಕಲ್ಲಿನ ಹಿಡಿಯ ಮೇಲೆ ಕೈಯಿಟ್ಟು ನಿಂತ ಅಜ್ಜನ ಹೆಸರನ್ನು ಬಲ್ಲವರು ಮನೆಯಲ್ಲಿ ಒಬ್ಬಿಬ್ಬರಾದರೂ ಇರುವರು. ಆ ಪಟವನ್ನು ತೆಗೆಯಿಸಿದ ವರ್ಷವನ್ನು ಬಲ್ಲವರು ವಿರಳ. ಆಗ ಸಾಕ್ಷಿ ನುಡಿಯತಕ್ಕುದು ಬೈಸಿಕಲ್ಲೇ.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ತೆರೆದ ರೈಲುಹಾದಿಯು ತಾಂಡೂರಿನ ಮೇಲೆ ಹಾದುಹೋಯಿತು. ಚಿಂಚೋಳಿಯ ನೆರೆಯ ಚಂದಾಪುರವು ಅದರಿಂದ ದೂರವೇ ಉಳಿಯಿತು. ಇಂತಹ ಊರಿನಲ್ಲಿ ಬೈಸಿಕಲ್ಲು ಬರಿಯ ಅಲಂಕಾರವಲ್ಲ, ದಾರಿಯನ್ನು ಕುಗ್ಗಿಸುವ ಸಾಧನ. ಪಟದಲ್ಲಿ ಮಾತ್ರ ಅದು ಓಡದು. ಮಂದ ಬೆಳಕಿನಲ್ಲಿ ಅಲುಗಿದರೆ ಮುಖವೇ ಮಸುಕಾಗುತ್ತಿದ್ದುದರಿಂದ ಸವಾರನೂ ಗಾಡಿಯೂ ಒಟ್ಟಿಗೆ ಬಿಗಿದುಕೊಂಡು ನಿಂತಿರುವುದುಂಟು.

ಮೊದಮೊದಲು ಬಂದ ರ‍್ಯಾಲೆ, ಬಿ.ಎಸ್.ಎ. ಮುಂತಾದುವು ವಿಲಾಯತಿಯವು. ಮುಂಗೊಳವೆಯ ಮುದ್ರೆಯಲ್ಲಿ ಅಟ್ಲಾಸ್ ಎಂದಿದ್ದರೆ ಪಟವು 1951ಕ್ಕೆ ಹಿಂದಿನದಲ್ಲ. ಅಂದರೆ 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳಿಕೆ ಮುಗಿದ ತರುವಾಯದ್ದು. ಅಜ್ಜನು ಅಲ್ಲಿ ಸಂಸ್ಥಾನದ ಪ್ರಜೆಯಾಗಿ ನಿಂತವನಲ್ಲ. ಹೀರೋ ಎಂದಿದ್ದರೆ 1956ಕ್ಕೆ ಹಿಂದಿನದಲ್ಲ. ಆ ವರ್ಷವೇ ನವೆಂಬರ್ 1ರಂದು ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಮುದ್ರೆಯು ಹೇಳುವುದು ಮೊದಲ ಎಲ್ಲೆಯನ್ನಷ್ಟೇ. ಗಟ್ಟಿಯಾದ ಬೈಸಿಕಲ್ಲು ಇಪ್ಪತ್ತು ವರ್ಷ ತುಳಿಸಿಕೊಳ್ಳುವುದು ಅಪರೂಪವೇನಲ್ಲ.

ಪಟದೊಳಗಣ ಬೈಸಿಕಲ್ಲು ನೆರೆಯವರಿಂದ ಎರವಲು ತಂದುದೂ ಆಗಿರಬಹುದು. ಹಾಗಿದ್ದರೆ ಪಟವು ಒಡೆತನದ ಸಾಕ್ಷಿಯಲ್ಲ, ಬಯಕೆಯ ಸಾಕ್ಷಿ. ಇತಿಹಾಸಕ್ಕೆ ಅದೂ ಬೇಕಾದುದೇ. ಚೌಕಟ್ಟನ್ನು ಮೆಲ್ಲನೆ ಬಿಚ್ಚಿದರೆ ಹಿಂಬದಿಯ ರಟ್ಟಿನ ಮೇಲೆ ಪಟ ತೆಗೆದವರ ಮುದ್ರೆ ಕೆಲವೊಮ್ಮೆ ದೊರೆಯುತ್ತದೆ. ಅಜ್ಜನ ಹೆಸರು ಅಲ್ಲಿರುವುದು ಕಡಮೆ.