ಮುಗಿಲ ಮೇಲಣ ಬೆಳಕೂ ಕಾಂತಮಾಪನವೂ

ಗುಡುಗುಮೋಡದಿಂದ ಮಿಂಚು ನೆಲಕ್ಕೆ ಇಳಿಯುವುದನ್ನು ಎಲ್ಲರೂ ಬಲ್ಲರು. ಅದರ ಬೆನ್ನಿಗೇ ಮೋಡದಿಂದ ಬಹುದೂರ ಮೇಲೆ, ಸುಮಾರು ೪೦ರಿಂದ ೯೦ ಕಿಲೋಮೀಟರ್ ಎತ್ತರದಲ್ಲಿ, ಕೆಂಬೆಳಕೊಂದು ಕೆಲವೇ ಮಿಲಿಸೆಕೆಂಡುಗಳ ಕಾಲ ಹೊಳೆದು ಅಡಗುವುದುಂಟು. ಇದಕ್ಕೆ ‘ಸ್ಪ್ರೈಟ್’ ಎಂದು ಹೆಸರು. ಇಂತಹ ವಿಸರ್ಜನೆಯ ಸಾಧ್ಯತೆಯನ್ನು ಸಿ. ಟಿ. ಆರ್. ವಿಲ್ಸನ್ನರು ೧೯೨೫ರಲ್ಲಿಯೇ ತರ್ಕದಿಂದ ಸೂಚಿಸಿದ್ದರು. ಮೋಡದ ವಿದ್ಯುತ್‌ಕ್ಷೇತ್ರವು ಎತ್ತರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಗಾಳಿಯ ಸಾಂದ್ರತೆಯಾದರೋ ಅದಕ್ಕಿಂತಲೂ ಶೀಘ್ರವಾಗಿ ಕುಗ್ಗುತ್ತದೆ. ಆದ್ದರಿಂದ ಯಾವುದೋ ಒಂದು ಎತ್ತರದಲ್ಲಿ, ದುರ್ಬಲವಾದ ಕ್ಷೇತ್ರವೂ ವಿರಳವಾದ ಗಾಳಿಯ ತಡೆಯನ್ನು ಮುರಿಯಬಲ್ಲುದು. ಇಷ್ಟು ಸರಳವಾದ ವಾದಕ್ಕೆ ಚಿತ್ರರೂಪದ ಪ್ರಮಾಣ ದೊರೆಯಲು ಅರವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. ವಿಮಾನಚಾಲಕರು ಕಂಡುದನ್ನು ಹೇಳಿದ್ದುಂಟು; ನಂಬಿದವರು ಕಡಮೆ. ೧೯೮೯ರ ಜುಲೈ ೬ರಂದು ಮಿನ್ನೆಸೋಟ ವಿಶ್ವವಿದ್ಯಾನಿಲಯದ ವಿಂಕ್ಲರ್ ಮತ್ತು ಅವರ ಸಂಗಡಿಗರು ರಾಕೆಟ್ ಪ್ರಯೋಗವೊಂದಕ್ಕಾಗಿ ಪರೀಕ್ಷಿಸುತ್ತಿದ್ದ ಟೆಲಿವಿಷನ್ ಕ್ಯಾಮರಾದಲ್ಲಿ ಆ ಬೆಳಕು ಆಕಸ್ಮಿಕವಾಗಿ ಸೆರೆಯಾಯಿತು.

ಈ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕ್ಯಾಮರಾದ ಬಳಿಯೇ ನಿಲ್ಲುತ್ತಾರೆ. ನಮಗೆ ಅದು ಸಾಲದೆಂದು ತೋರುತ್ತದೆ. ಚಿತ್ರವು ಬೆಳಕನ್ನು ತೋರಿಸೀತೇ ಹೊರತು ಅದಕ್ಕೆ ಕಾರಣವಾದ ವಿದ್ಯುದಂಶವನ್ನು ಅಳೆಯಲಾರದು. ಆ ಕೆಲಸ ಕಾಂತಮಾಪಕದ ಪಾಲಿಗೆ ಬಂದಿತು. ಕಾಂತೀಯ ತಿರುಳಿನ ಮೇಲೆ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಎರಡು ಸುರುಳಿಗಳಲ್ಲಿ ಒಂದನ್ನು ಉತ್ತರ-ದಕ್ಷಿಣಕ್ಕೂ ಇನ್ನೊಂದನ್ನು ಪೂರ್ವ-ಪಶ್ಚಿಮಕ್ಕೂ ಮಲಗಿಸಿದರೆ, ಮಿಂಚಿನ ಕಾಂತಕ್ಷೇತ್ರದ ಏರಿಳಿತವೂ ಅದು ಬಂದ ದಿಕ್ಕೂ ತಿಳಿಯುತ್ತವೆ. ಅತಿ ಕಡಮೆ ಆವರ್ತದ ತರಂಗಗಳು ನೆಲಕ್ಕೂ ಅಯಾನುಗೋಳಕ್ಕೂ ನಡುವೆ ಹೆಚ್ಚು ಸವೆಯದೆ ಸಾವಿರಾರು ಕಿಲೋಮೀಟರ್ ಸಾಗುವುದರಿಂದ, ಬಿರುಗಾಳಿಯ ಹತ್ತಿರಕ್ಕೆ ಹೋಗಬೇಕಾದುದೂ ಇಲ್ಲ.

ಅಮೆರಿಕದ ನಡುಬಯಲಿನ ಮೋಡಗಳ ಮೇಲೆ ಕಂಡ ಸ್ಪ್ರೈಟುಗಳನ್ನು ಪೂರ್ವತೀರದ ರೋಡ್ ಐಲೆಂಡಿನಲ್ಲಿ ದಾಖಲಾದ ಸ್ಪಂದಗಳೊಡನೆ ಬೊಚ್ಚಿಪ್ಪಿಯೊ ಮೊದಲಾದವರು ೧೯೯೫ರಲ್ಲಿ ಹೊಂದಿಸಿ ನೋಡಿದರು. ಬಹುಪಾಲು ಸ್ಪ್ರೈಟುಗಳು ನೆಲಕ್ಕೆ ಧನ ವಿದ್ಯುದಂಶವನ್ನಿಳಿಸುವ ಮಿಂಚುಗಳನ್ನು ಹಿಂಬಾಲಿಸುತ್ತವೆಂಬುದು ಆಗ ಸ್ಪಷ್ಟವಾಯಿತು. ಮಿಂಚಿನ ಪ್ರವಾಹದ ಗರಿಷ್ಠ ಬೆಲೆಗಿಂತ, ಇಳಿದ ವಿದ್ಯುದಂಶವನ್ನು ಅದು ಇಳಿದ ಎತ್ತರದಿಂದ ಗುಣಿಸಿದ ಮೊತ್ತವೇ ಮುಖ್ಯವೆಂಬುದೂ ಕ್ರಮೇಣ ತಿಳಿಯಿತು. ಅದು ಹಲವು ನೂರು ಕೂಲಂ-ಕಿಲೋಮೀಟರಿನಷ್ಟಾದಾಗ ಸ್ಪ್ರೈಟ್ ಹುಟ್ಟುವ ಸಂಭವ ಹೆಚ್ಚು. ವಿಲ್ಸನ್ನರ ವಾದಕ್ಕೆ ಆಧಾರವಾಗಿದ್ದುದೂ ಇದೇ ಪರಿಮಾಣ.

೧೯೯೮ರಲ್ಲಿ ಸ್ಟ್ಯಾನ್‌ಫರ್ಡಿನ ಕಮ್ಮರ್, ಇನಾನ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಅವರ ದಾಖಲೆಯಲ್ಲಿ ಮಿಂಚಿನ ಮೊದಲ ಶಿಖರದ ತರುವಾಯ ಎರಡನೆಯದೊಂದು ಎದ್ದಿತ್ತು. ಅದು ಮೇಲಣ ಬೆಳಕು ಉಜ್ಜ್ವಲವಾದ ಕಾಲಕ್ಕೆ ಸರಿಹೊಂದುತ್ತಿತ್ತು. ಸ್ಪ್ರೈಟಿನ ಒಳಗೇ ಪ್ರವಾಹ ಹರಿಯುತ್ತದೆಂದು ಅವರು ತೀರ್ಮಾನಿಸಿದರು. ಎಲ್ಲ ಸ್ಪ್ರೈಟುಗಳಲ್ಲಿ ಈ ಎರಡನೆಯ ಶಿಖರ ಕಾಣದು. ಪ್ರಬಲವಾದವುಗಳಲ್ಲಿ ಮಾತ್ರ ಅದು ಸ್ಫುಟವಾಗಿ ತೋರುತ್ತದೆ.